ಏಳು ತಿಂಗಳಿಂದ ಕಥೆ ಮುಂದಕ್ಕೆ ಹೋಗುತ್ತಿಲ್ಲ, ಏನು ಮಾಡಲಿ?

ದಾವಣಗೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹತ್ತು ವರ್ಷದಲ್ಲಿ 14 ಕಥೆ ಬರೆದಿದ್ದೇನೆ, ಆರು ಪ್ರಕಟ ಆಗಿವೆ. ಯುಗಾದಿ ಕಳೆದ ಮೇಲೆ ನಮ್ಮ ಅಜ್ಜಿಯ ಕಥೆ ಶುರು ಮಾಡಿದೆ. ಅಜ್ಜ ತೀರಿಕೊಂಡ ಮೇಲೆ ಅಜ್ಜಿ 18 ವರ್ಷ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಈಗ ದೀಪಾವಳಿಯೂ ಮುಗಿಯಿತು. ಮೊದಲ ಪ್ಯಾರಾ ದಾಟಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಲ್ಯಾಪ್‌ಟಾಪ್ ತೆಗೆಯುತ್ತೇನೆ. 'ಅಜ್ಜಿಗೆ ಒಂಟಿತನ ಕಾಡುತ್ತಿತ್ತು' ಅಂತ ಬರೆಯುತ್ತೇನೆ. ಅಳಿಸುತ್ತೇನೆ. ಮತ್ತೆ ಅದನ್ನೇ ಬೇರೆ ಥರ ಬರೆಯುತ್ತೇನೆ. ಅಷ್ಟರಲ್ಲಿ ಕುಕ್ಕರ್ ಇಡುವ ಹೊತ್ತಾಗುತ್ತದೆ. ಶಾಲೆಗೆ ಹೋಗುವಾಗ ಆಟೋದಲ್ಲೇ ಅಳು ಬಂದದ್ದೂ ಇದೆ.

ಗೆಳತಿ ಮೈಂಡ್‌ಫುಲ್‌ನೆಸ್ ಮಾಡು, ಅಂದರೆ ಈ ಕ್ಷಣ ಮಾಡುತ್ತಿರುವುದರ ಮೇಲೇ ಗಮನ ಇಡು ಅಂದಳು. ಆ್ಯಪ್ ಹಾಕಿಕೊಂಡು ಉಸಿರು ಎಣಿಸಿದೆ. ಎಣಿಸುವಾಗಲೂ ಕಥೆಯದೇ ಚಿಂತೆ. ಮನೆ, ಶಾಲೆ, ಅತ್ತೆಯ ಔಷಧಿ, ಇದರ ಮಧ್ಯೆ ಧ್ಯಾನಕ್ಕೆ ಅಂತ ಬೇರೆ ಸಮಯ ಸಿಗುವುದಿಲ್ಲ. ದಿನದ ಕೆಲಸದಲ್ಲೇ ಮಾಡುವಂಥದ್ದು ಏನಾದರೂ ಇದೆಯಾ? ನಿಮಗೆ ನಿಜವಾಗಿ ಉಪಯೋಗ ಆದದ್ದನ್ನೇ ಹೇಳಿ.

ಕಡ್ಲೆಕಾಯಿ, ಬೆಂಗಳೂರು

ಮೇಡಂ, ಇದಕ್ಕೆ ಕಣ್ಣು ಮುಚ್ಚಿ ಕೂರಲೇಬೇಕು ಅಂತ ಇಲ್ಲ. ಬುದ್ಧನ ಕಾಲದಿಂದಲೂ ನಡೆಯುವಾಗ, ಉಣ್ಣುವಾಗ, ಬಟ್ಟೆ ಹಾಕಿಕೊಳ್ಳುವಾಗ ಎಚ್ಚರ ಇಡು ಅಂತಲೇ ಹೇಳಿಕೊಟ್ಟಿದ್ದಾರೆ. 1979ರಲ್ಲಿ ಜಾನ್ ಕಬಾಟ್ ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೋಗಿಗಳಿಗಾಗಿ ಮೈಂಡ್‌ಫುಲ್‌ನೆಸ್ ತರಬೇತಿ ಶುರು ಮಾಡಿದರು. ಅದರಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನಕ್ಕೆ ತಿನ್ನಿಸುತ್ತಾರೆ. ನಾನು ಸಂಜೆ ಒಂದು ಕಡ್ಲೆಕಾಯಿಯಲ್ಲಿ ಮಾಡುತ್ತೇನೆ. ಸಿಪ್ಪೆ ಒಡೆಯುವ ಸದ್ದು, ಒಳಗಿನ ತೆಳು ಪೊರೆ ಬೆರಳಿಗೆ ಅಂಟುವುದು. ಎರಡು ನಿಮಿಷ ಸಾಕು.

ತೋಟದಮನೆ, ಶಿರಸಿ

ಅಕ್ಕಾ, ನನ್ನದು ಪ್ರಬಂಧ. ಎರಡು ವರ್ಷ ಒಂದು ಸಾಲೂ ಬಂದಿರಲಿಲ್ಲ. ಹಾಗಾಗಿ ನಿಮ್ಮ ಕಷ್ಟ ಗೊತ್ತು.

ನಮ್ಮಲ್ಲಿ ಈಗ ಕೊನೆಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ರಾತ್ರಿ ಹಸಿ ಅಡಿಕೆ ಸುಲಿಯುತ್ತೇವೆ. ಹೋದ ವರ್ಷದವರೆಗೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆ. ಒಂದು ರಾತ್ರಿ ಫೋನಿನ ಚಾರ್ಜ್ ಮುಗಿಯಿತು. ಸುಮ್ನೆ ಸುಲಿಯುತ್ತಾ ಕೂತೆ. ಆಗ ಬುಟ್ಟಿಯ ಸದ್ದು ಕೇಳಿಸಿತು. ಖಾಲಿ ಬುಟ್ಟಿಗೆ ಮೊದಲ ಅಡಿಕೆ ಬಿದ್ದಾಗ ಒಂದು ಸದ್ದು. ಅರ್ಧ ತುಂಬಿದ ಮೇಲೆ ಅಡಿಕೆಯ ಮೇಲೆ ಅಡಿಕೆ ಬೀಳುವಾಗ ಇನ್ನೊಂದು, ಅದು ಸಣ್ಣದು. ಅಪ್ಪ ಕತ್ತಲಲ್ಲೂ 'ಬುಟ್ಟಿ ತುಂಬ್ತು, ತೆಗೆ' ಅನ್ನುತ್ತಿದ್ದದ್ದು ಹೇಗೆ ಅಂತ ಆವತ್ತು ಗೊತ್ತಾಯಿತು. ಮೂವತ್ತು ವರ್ಷ ಅದೇ ಬುಟ್ಟಿಯ ಪಕ್ಕ ಕೂತಿದ್ದೆ!

ಮಾರನೇ ದಿನ ತಪ್ಪು ಮಾಡಿದೆ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಇವತ್ತು ಏನು ಸಿಗುತ್ತದೋ ಅಂತ ಕಾಯುತ್ತಾ ಕೂತೆ. ಏನೂ ಸಿಗಲಿಲ್ಲ, ಹೆಬ್ಬೆರಳು ಕೊಯ್ದುಕೊಂಡೆ. ಮೈಂಡ್‌ಫುಲ್‌ನೆಸ್‌ನಿಂದ ಬರವಣಿಗೆ ಬರುತ್ತದೆ ಅನ್ನುವವರು ಇದೊಂದನ್ನು ಹೇಳುವುದೇ ಇಲ್ಲ. ಬರೆಯುವುದಕ್ಕೆ ಅಂತ ನೋಡಲು ಹೋದರೆ ಕಣ್ಣು ಅಡಿಕೆಯ ಮೇಲೆ ಇರುವುದಿಲ್ಲ, ಮುಂದೆ ಬರೆಯಬೇಕಾದ ಸಾಲಿನ ಮೇಲಿರುತ್ತದೆ.

ಆಮೇಲೆ ಹೀಗೆ ಮಾಡಿಕೊಂಡೆ. ಕೆಲಸ ಮಾಡುವಾಗ ಬರೆಯುವ ಯೋಚನೆ ಬಂದರೆ ಮತ್ತೆ ಕೈಯ ಕಡೆ ಗಮನ. ಎಷ್ಟು ಸಲ ಬಂದರೂ ಅಷ್ಟೇ, ಬೈದುಕೊಳ್ಳುವುದಿಲ್ಲ. ಕೈ ತೊಳೆದ ಮೇಲೆ ಮೂರೇ ಸಾಲು ಬರೆಯುವುದು. ಕೇಳಿದ್ದು, ಮೂಗಿಗೆ ಬಂದದ್ದು, ಕೈಗೆ ತಾಗಿದ್ದು. ಬೇಸರ, ಖುಷಿ ಅನ್ನುವ ಪದ ಹಾಕುವಂತಿಲ್ಲ. ಹನ್ನೊಂದನೇ ದಿನ ಮೂರು ಸಾಲಿಗೆ ನಿಲ್ಲಿಸಲು ಆಗಲಿಲ್ಲ.

ನೀವು ರೊಟ್ಟಿ ತಟ್ಟುತ್ತೀರಿ ಅಲ್ವಾ? ಅದನ್ನೇ ಹಿಡಿದುಕೊಳ್ಳಿ. ಬೆಳಿಗ್ಗೆ ಐದಕ್ಕೆ ಏಳುವುದನ್ನು ಸ್ವಲ್ಪ ದಿನ ಬಿಟ್ಟುಬಿಡಿ, ನಿದ್ದೆ ಮಾಡಿ.

ಮೌನಿ, ಮೈಸೂರು

ತೋಟದಮನೆಯವರ ಮಾತಿಗೆ ನನ್ನದೊಂದು ಸಾಕ್ಷಿ. ವಿಪಶ್ಯನ ಧ್ಯಾನದ ಹತ್ತು ದಿನದ ಶಿಬಿರದಲ್ಲಿ ಓದುವಂತಿಲ್ಲ, ಬರೆಯುವಂತಿಲ್ಲ. ಪೆನ್ನು ಇಲ್ಲದೆ ಮೊದಲ ಮೂರು ದಿನ ಕೈ ಕಟ್ಟಿ ಹಾಕಿದ ಹಾಗಿತ್ತು. ಆಮೇಲೆ ಹಗುರವಾಯಿತು.

ಇನ್ನೊಂದು ಮಾತು, ತಂಗಿ ಅಂದುಕೊಂಡು ಹೇಳುತ್ತಿದ್ದೇನೆ. ಆಟೋದಲ್ಲಿ ಅಳು ಬಂತು ಅಂದಿರಿ. ನಿದ್ದೆ, ಊಟ ಕೂಡ ಸರಿ ಇಲ್ಲದಿದ್ದರೆ ಅದು ಬರೀ ಬರವಣಿಗೆಯ ಸಮಸ್ಯೆ ಅಲ್ಲ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೆ ಒಮ್ಮೆ ಇಂಥ ಸಹಾಯ ಬೇಕಾಗಿತ್ತು, ಕೇಳಲು ತಡ ಮಾಡಿದೆ.

ದಾವಣಗೆರೆ ಟೀಚರ್

ಎರಡು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಮೌನಿಯವರೇ, ನಿದ್ದೆ ಈಗ ಬರುತ್ತಿದೆ. ನಂಬರ್ ಬರೆದಿಟ್ಟುಕೊಂಡಿದ್ದೇನೆ.

ಮೊದಲ ವಾರ ರೊಟ್ಟಿ ತಟ್ಟುವಾಗ ಬರೀ ಶಾಲೆಯ ಯೋಚನೆ. ಎರಡು ರೊಟ್ಟಿ ಸೀದವು. ಆದರೂ ಮೂರು ಸಾಲು ಬಿಡಲಿಲ್ಲ. ಎಸರು ಹಾಕಿದಾಗ ಹಿಟ್ಟಿನಿಂದ ಏಳುವ ವಾಸನೆ. ದಪ್ಪ ಇರುವಾಗ ಮೆತ್ತಗೆ ಬರುವ ತಟ್ಟುವ ಸದ್ದು, ತೆಳ್ಳಗಾದ ಹಾಗೆ ಗಟ್ಟಿಯಾಗುವುದು.

ಮೊನ್ನೆ ಭಾನುವಾರ ತಟ್ಟಲು ಶುರು ಮಾಡುವ ಮೊದಲು ನನ್ನ ಬಳೆ ಮೇಲಕ್ಕೆ ಸರಿಸಿಕೊಂಡೆ. ಕೈ ಅಲ್ಲೇ ನಿಂತಿತು. ಅಜ್ಜಿ ಹಾಗೇ ಮಾಡುತ್ತಿದ್ದಳು. ಎರಡೂ ಕೈಯ ಹಸಿರು ಬಳೆ ಮೊಣಕೈವರೆಗೆ ಸರಿಸಿ ಕೂರುತ್ತಿದ್ದಳು. ಎರಡನೇ ರೊಟ್ಟಿಯ ಹೊತ್ತಿಗೆ ಅವು ಜಾರಿ ಮತ್ತೆ ಮಣಿಕಟ್ಟಿಗೆ ಬಂದು, ತಟ್ಟುವ ಸದ್ದಿನ ಜೊತೆ ಸೇರುತ್ತಿದ್ದವು. ಅಜ್ಜ ಹೋದ ಮೇಲೆ ಬರಿಗೈ. ಆದರೂ ಹಿಟ್ಟು ಮುಟ್ಟುವ ಮೊದಲು ಒಂದು ಕೈಯಿಂದ ಇನ್ನೊಂದು ಕೈಯನ್ನು ಮೇಲಕ್ಕೆ ಸವರಿಕೊಳ್ಳುತ್ತಿದ್ದಳು. ಇಲ್ಲದ ಬಳೆಯನ್ನು. ನಾನು ಆಗ ಒಂಬತ್ತನೇ ಕ್ಲಾಸು, ಒಲೆಯ ಪಕ್ಕದಲ್ಲೇ ಕೂತು ನೋಡಿದ್ದೇನೆ.

ಹಿಟ್ಟೆಲ್ಲ ತಟ್ಟಿ ಮುಗಿಸಿ, ಕೈ ತೊಳೆದ ಮೇಲೆಯೇ ಬರೆಯಲು ಕೂತೆ. ಮೊದಲ ಪ್ಯಾರಾ ತೆಗೆದುಹಾಕಿದೆ. ರಾತ್ರಿಯ ಹೊತ್ತಿಗೆ ಒಂದೂವರೆ ಪುಟ ಆಗಿತ್ತು. ಅಜ್ಜಿ ಇನ್ನೂ ಎರಡನೇ ರೊಟ್ಟಿಯಲ್ಲೇ ಇದ್ದಾಳೆ.