ಗುಡುಗಿದರೆ ಪ್ಲಗ್ ಕೀಳುವ ಮನೆಗೆ ಮೀಡಿಯಾ ಸರ್ವರ್ ಬೇಕಾ?

ಅಡಿಕೆಸಿಪ್ಪೆ:
ನಮ್ಮೂರು ಶಿರಸಿ ಹತ್ತಿರ. ಮಾವ ಹ್ಯಾಂಡಿಕ್ಯಾಮ್ ಹೊತ್ತುಕೊಂಡು ಆಟ ಇದ್ದಲ್ಲೆಲ್ಲ ಹೋಗಿ ತೆಗೆದ ಯಕ್ಷಗಾನದ ಮಿನಿ ಡಿವಿ ಕ್ಯಾಸೆಟ್ 38 ಇವೆ. ಹಳೇ ಲ್ಯಾಪ್‌ಟಾಪಿನ ಫೈರ್‌ವೈರ್ ಪೋರ್ಟಿನಿಂದ ಎಲ್ಲ ಇಳಿಸಿಕೊಂಡೆ. ಗಂಟೆಗೆ 13 ಜಿಬಿ, ಒಟ್ಟು ಅರ್ಧ ಟಿಬಿ. ಊರಲ್ಲಿ ಅಪ್ಪ ಅಮ್ಮ, ಮೈಸೂರಲ್ಲಿ ಅಕ್ಕ, ಬೆಂಗಳೂರಲ್ಲಿ ನಾನು. ಮೂರೂ ಕಡೆ ಟಿವಿಯಲ್ಲಿ ನೋಡುವ ಹಾಗಾಗಬೇಕು. ಊರಲ್ಲಿ ಹಳೇ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿದೆ, ನನ್ನ ಹತ್ತಿರ ರಾಸ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಇದೆ. ವಿಡಿಯೋ ಎಲ್ಲ ಒಂದೇ ಕಡೆ ಇಟ್ಟು ನೆಟ್ಟಿನ ಮೂಲಕ ಮೂರೂ ಮನೆಗೆ ತೋರಿಸುವ ಸರ್ವರ್ ಆಗಿ ಯಾವುದನ್ನು ಮಾಡಲಿ?

ಕೆಂಪುಬಸ್ಸು:
ಡೆಸ್ಕ್‌ಟಾಪ್ ಬೇಡವೇ ಬೇಡ. ನನ್ನದು ಸುಮ್ನೆ ಕೂತಾಗಲೇ 60 ವ್ಯಾಟ್ ತಿನ್ನುತ್ತಿತ್ತು. 24 ಗಂಟೆ ಓಡಿಸಿದರೆ ತಿಂಗಳಿಗೆ 43 ಯೂನಿಟ್. ಮನೆಗೆ ಗೃಹಜ್ಯೋತಿ ಇದ್ದು, ಒಟ್ಟು ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೇ. ಇಂಟೆಲ್ ಎನ್100 ಚಿಪ್ ಇರುವ ಪುಟ್ಟ ಮಿನಿ ಪಿಸಿ ತಗೊಳ್ಳಿ. ಸುಮಾರು 10 ವ್ಯಾಟ್, ಅಂದರೆ 7 ಯೂನಿಟ್. ಅದರಲ್ಲಿ ಜೆಲ್ಲಿಫಿನ್ ಅನ್ನುವ ಉಚಿತ ಮೀಡಿಯಾ ಸರ್ವರ್ ಸಾಫ್ಟ್‌ವೇರ್ ಹಾಕಿ.

ಬೆಲ್ಲದಚ್ಚು:
ಮಾರಾಯ್ರೆ, 38 ಗಂಟೆ ವಿಡಿಯೋಗೆ ಮಿನಿ ಪಿಸಿ ಯಾಕೆ? ಡಿವಿ ಫೈಲನ್ನು ಹಾಗೇ ಹಾಕಿದರೆ ಎಷ್ಟೋ ಟಿವಿ ಓಡಿಸುವುದೇ ಇಲ್ಲ. ಹೇಗೂ ಬದಲಾಯಿಸಲೇಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಾಯಿಸುವ ಸಾಫ್ಟ್‌ವೇರಿನಲ್ಲಿ ಒಮ್ಮೆ ಎಚ್.264 ಮಾಡಿಬಿಡಿ, ಅದನ್ನು ಹೆಚ್ಚಿನ ಟಿವಿಗಳು ಓಡಿಸುತ್ತವೆ. ಸೆಕೆಂಡಿಗೆ 4 ಮೆಗಾಬಿಟ್ ಇಟ್ಟರೆ ಗಂಟೆಗೆ 2 ಜಿಬಿ ಒಳಗೆ. ಎಲ್ಲ ಸೇರಿ 70 ಜಿಬಿ ಚಿಲ್ಲರೆ. 128 ಜಿಬಿ ಪೆನ್‌ಡ್ರೈವ್ ಮೂರು ತನ್ನಿ, ಮನೆಗೊಂದು ಕೊಡಿ. ಮುಗೀತು.

ಅಡಿಕೆಸಿಪ್ಪೆ:
ಪೆನ್‌ಡ್ರೈವ್ ಕಥೆ ಆಗಿಹೋಗಿದೆ ಸರ್. ‘ಡಿವಿ0017’ ಅಂತ ಹೆಸರು ನೋಡಿ ಅಮ್ಮ ರಿಮೋಟ್ ಕೆಳಗಿಟ್ಟಳು. ಇನ್ನೂ ಕ್ಯಾಸೆಟ್ ಸಿಗುತ್ತಲೇ ಇವೆ. ಪ್ರತಿ ಸಲ ಮೂರು ಕಡೆ ಓಡಾಡಲು ಆಗಲ್ಲ.

ಕೆಂಪುಬಸ್ಸು:
ಅದಕ್ಕೇ ಸರ್ವರ್ ಅಂದಿದ್ದು. ಪ್ರಸಂಗದ ಹೆಸರು ಕನ್ನಡದಲ್ಲೇ ಬರೆದು, ವೇಷದ ಚಿತ್ರ ಹಾಕಿಡಬಹುದು. ಒಂದು ಎಚ್ಚರ: ಲೈಬ್ರರಿ ಮಾಡುವಾಗ ‘ಸಿನಿಮಾ’ ಆರಿಸಬೇಡಿ, ಮನೆಯ ವಿಡಿಯೋ ಅಂತಲೇ ಆರಿಸಿ. ಇಲ್ಲದಿದ್ದರೆ ನಿಮ್ಮ ಗದಾಯುದ್ಧಕ್ಕೆ ಅದು ನೆಟ್ಟಿನಿಂದ ಯಾವುದೋ ಸಿನಿಮಾದ ಪೋಸ್ಟರ್ ಎಳೆದು ಅಂಟಿಸಬಹುದು.

ಸುಮ್ನೆಬಂದೆ:
ಜೆಲ್ಲಿಫಿನ್ ಬದಲು ಅಂಥದ್ದೇ ಪ್ಲೆಕ್ಸ್ ಸುಲಭ ಅಲ್ವಾ?

ಕೆಂಪುಬಸ್ಸು:
ಸುಲಭ ನಿಜ. ಆದರೆ 2025ರ ಏಪ್ರಿಲ್ ಕೊನೆಯಿಂದ ಮನೆ ಹೊರಗೆ ಕೂತು ನಮ್ಮದೇ ವಿಡಿಯೋ ನೋಡಲೂ ದುಡ್ಡು ಕಟ್ಟಬೇಕು. ಜೆಲ್ಲಿಫಿನ್‌ಗೆ ಆ ಗೋಳಿಲ್ಲ. ಎಂಬಿ (Emby) ಅನ್ನುವ ಇಂಥದ್ದೇ ಸಾಫ್ಟ್‌ವೇರ್ ತನ್ನ ಕೋಡ್ ಮುಚ್ಚಿಕೊಂಡಾಗ, 2018ರಲ್ಲಿ, ಅದರಿಂದ ಬೇರೆಯಾಗಿ ಹುಟ್ಟಿದ್ದು ಅದು.

ಅಡಿಕೆಸಿಪ್ಪೆ:
ಅಸಲು ಸಮಸ್ಯೆ ಹೇಳಲೇ ಇಲ್ಲ ನಾನು. ಊರಲ್ಲಿ ಗುಡುಗಿನ ಸದ್ದು ಕೇಳಿದರೆ ಸಾಕು, ಅಮ್ಮ ಎಲ್ಲ ಪ್ಲಗ್ ಕಿತ್ತು ವಯರನ್ನು ಕಿಟಕಿ ಸರಳಿಗೆ ಸುತ್ತುತ್ತಾಳೆ. ಫೈಬರ್ ಡಬ್ಬಿಯದೂ ಸೇರಿ. ಹೋದ ಮೇ ತಿಂಗಳಲ್ಲಿ ದಿನಾ ಸಂಜೆ ಇದೇ. ಅಕ್ಕ ನೋಡಲು ಕೂರುವುದೂ ಸಂಜೆಯೇ.

ಸುಮ್ನೆಬಂದೆ:
ಯುಪಿಎಸ್ ಹಾಕಿ.

ಬೆಲ್ಲದಚ್ಚು:
ಯುಪಿಎಸ್ ಕರೆಂಟ್ ಹೋದರೆ ಕಾಯುತ್ತದೆ, ಸಿಡಿಲು ಹೊಡೆದರೆ ತಾನೇ ಸುಟ್ಟುಕೊಳ್ಳಬಹುದು. ಅಮ್ಮ ಮಾಡುವುದೇ ಸರಿ. ಆದರೆ ಬರೆಯುತ್ತಿರುವ ಡಿಸ್ಕಿನ ಪ್ಲಗ್ ದಿನಾ ಹಾಗೆ ಕಿತ್ತರೆ ಫೈಲು ಕೆಡುತ್ತವೆ. ಸರ್ವರ್ ಬೇಕೇ ಬೇಕು ಅಂದರೆ ಊರಲ್ಲಿ ಯಾಕೆ ಇಡುತ್ತೀರಿ? ಅಕ್ಕನ ಮನೆಯಲ್ಲಿಡಿ. ಗುಡುಗುವಾಗ ಊರಲ್ಲಿ ಟಿವಿಯೇ ಹಾಕಲ್ಲ, ಅವರಿಗೇನು ನಷ್ಟ? ಫೈಲೆಲ್ಲ ಎಚ್.264 ಆದ ಮೇಲೆ ಟ್ರಾನ್ಸ್‌ಕೋಡ್ (ಓಡಿಸುವಾಗಲೇ ಫೈಲನ್ನು ಬೇರೆ ರೂಪಕ್ಕೆ ಬದಲಾಯಿಸುವುದು) ಬೇಕಿಲ್ಲ, ನಿಮ್ಮ ಪೈ 4 ಸಾಕು.

ಕೆಂಪುಬಸ್ಸು:
ಈ ಮಾತು ಒಪ್ಪಿದೆ. ಮಿನಿ ಪಿಸಿ ದುಡ್ಡು ಉಳೀತು, ಅದರಲ್ಲಿ ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ. ಮೂಲ ಡಿವಿ ಫೈಲು ಅಳಿಸಬೇಡಿ. ಒಂದು ಡಿಸ್ಕ್ ನಿಮ್ಮಲ್ಲಿ, ಒಂದು ಊರಲ್ಲಿ ಇರಲಿ, ಯಾವುದಕ್ಕೂ ಸಿಕ್ಕಿಸದೆ. ಅಕ್ಕನ ಮನೆಯ ಕನೆಕ್ಷನ್ನಿಗೆ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪುವ ನೆಟ್ ವಿಳಾಸ, ಇರುವುದು ಅನುಮಾನ, ಅದಕ್ಕೆ ಮೂರೂ ಮನೆಯನ್ನು ಒಂದೇ ಖಾಸಗಿ ನೆಟ್‌ವರ್ಕಿನಂತೆ ಜೋಡಿಸುವ ಟೇಲ್‌ಸ್ಕೇಲ್ ಹಾಕಿ. ಆಂಡ್ರಾಯ್ಡ್ ಟಿವಿಗೂ ಅದರ ಆ್ಯಪ್ ಇದೆ.

ಬೆಲ್ಲದಚ್ಚು:
ಇನ್ನೊಂದು. ಡಿವಿ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಒಂದು ಬಿಟ್ಟು ಒಂದು ಗೆರೆ ಬೇರೆ ಬೇರೆ ಕ್ಷಣದ್ದು. ಮಂಡಿ ಕುಣಿತದ ಜಾಗ ಹಾಕಿ ನೋಡಿ, ವೇಷದ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನ ಡೀಇಂಟರ್‌ಲೇಸ್‌ನಲ್ಲಿ ‘ಬಾಬ್’ ಆರಿಸಿ, ಸೆಕೆಂಡಿಗೆ 50 ಚಿತ್ರ ಸಿಗುತ್ತವೆ. 25ಕ್ಕೆ ಇಳಿಸಿದರೆ ಕುಣಿತದ ಓಟವೇ ಹೋಗುತ್ತದೆ.

ಅಡಿಕೆಸಿಪ್ಪೆ:
ಮಾಡಿ ನೋಡಿದೆ, ನಿಜಕ್ಕೂ ವ್ಯತ್ಯಾಸ ಕಾಣುತ್ತದೆ. ಅಕ್ಕ ರೂಟರ್ ಪಕ್ಕ ಜಾಗ ಕೊಟ್ಟಿದ್ದಾಳೆ, ಭಾನುವಾರ ಪೈ ಒಯ್ಯುತ್ತೇನೆ. ಈಗ ಉಳಿದದ್ದು ಹೆಸರು ಹಾಕುವ ಕೆಲಸ. 11 ಕ್ಯಾಸೆಟ್ಟಿಗೆ ಲೇಬಲ್ಲೇ ಇಲ್ಲ. ಒಂದನ್ನು ಐದು ನಿಮಿಷ ನೋಡಿ ಅಪ್ಪ ‘ಇದು ಕೃಷ್ಣ ಸಂಧಾನ’ ಅಂದರು. ಅಡುಗೆಮನೆಯಿಂದ ಬರೀ ಪದ ಕೇಳಿಯೇ ಅಮ್ಮ ‘ಅಲ್ಲ’ ಅಂದಳು.