ಸಹಾಯ ಬೇಕು: ಯೂಸರ್ ಏಜೆಂಟ್ ಬದಲಿಸಿದರೂ ಸೈಟ್‌ಗೆ ಫೈರ್‌ಫಾಕ್ಸ್ ಅಂತ ಹೇಗೆ ಗೊತ್ತಾಗ್ತಿದೆ?

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೆ ಬಿದ್ದಿದ್ದೀನಿ, ದಾರಿ ಕಾಣ್ತಿಲ್ಲ. ಕೆಲಸಕ್ಕೆ ದಿನಾ ಬೇಕಾಗುವ ಒಂದು ಸೈಟು ಫೈರ್‌ಫಾಕ್ಸ್‌ನಲ್ಲಿ ತೆರೆದರೆ "ಕ್ರೋಮ್ ಬಳಸಿ" ಅಂತ ಹೇಳಿ ಒಳಗೇ ಬಿಡಲ್ಲ. ನನಗೆ ಬ್ರೌಸರ್ ಬದಲಿಸೋ ಮನಸ್ಸಿಲ್ಲ.

ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್ಸ್ ಪುಟ ಅಬೌಟ್ ಕಾನ್ಫಿಗ್‌ನಲ್ಲಿ ಓವರ್‌ರೈಡ್ ಸೇರಿಸಿ ಕ್ರೋಮ್‌ನ ಯೂಸರ್ ಏಜೆಂಟ್ (ಬ್ರೌಸರ್ ಯಾವುದು ಅಂತ ಸೈಟ್‌ಗೆ ಹೇಳುವ ಸಾಲು) ಹಾಕಿದೆ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೋಡಿದರೆ ಹೆಡರ್ (ಪುಟ ಕೇಳುವಾಗ ಬ್ರೌಸರ್ ಜೊತೆಗೆ ಕಳಿಸುವ ಮಾಹಿತಿ) ಸರಿಯಾಗೇ ಹೋಗ್ತಿದೆ. ಕುಕೀ ಅಳಿಸಿದೆ, ಹೊಸ ಪ್ರೊಫೈಲ್ ಮಾಡಿದೆ. ಏನೂ ಆಗಲಿಲ್ಲ.

ಆಮೇಲೆ ಕನ್ಸೋಲ್ ಕೆದಕಿದಾಗ ಗೊತ್ತಾಯ್ತು, ಬ್ರೌಸರ್ ವಿವರವನ್ನ ಜಾವಾಸ್ಕ್ರಿಪ್ಟ್‌ಗೆ ಕೊಡುವ ನ್ಯಾವಿಗೇಟರ್‌ನಲ್ಲಿ ವೆಂಡರ್ ಖಾಲಿ ಇದೆ, ಕ್ರೋಮ್‌ನಲ್ಲಾದರೆ ಅಲ್ಲಿ ಗೂಗಲ್ ಹೆಸರಿರುತ್ತೆ. ಅದರಲ್ಲೇ ಇರುವ ಪ್ರಾಡಕ್ಟ್‌ಸಬ್ ಅನ್ನೋ ಸಂಖ್ಯೆ ಇಲ್ಲಿ 20100101, ಕ್ರೋಮ್‌ನಲ್ಲಿ 20030107. ಕ್ರೋಮ್ ತಾನಾಗೇ ಕಳಿಸುವ ಕ್ಲೈಂಟ್ ಹಿಂಟ್ಸ್ ಹೆಡರ್‌ಗಳನ್ನ (ಬ್ರೌಸರ್ ಹೆಸರು, ಆವೃತ್ತಿ ಹೇಳುವಂಥವು) ಫೈರ್‌ಫಾಕ್ಸ್ ಕಳಿಸೋದೇ ಇಲ್ಲ. ಒಂದು ಸಾಲು ಬದಲಿಸಿದರೆ ಸಾಕು ಅಂದ್ಕೊಂಡಿದ್ದೆ, ಇಷ್ಟೊಂದು ಗುರುತುಗಳಿರ್ತವೆ ಅಂತ ನಿಜಕ್ಕೂ ತಿಳಿದಿರಲಿಲ್ಲ. ಇವನ್ನೆಲ್ಲ ಒಂದು ಬ್ರೌಸರ್ ಎಕ್ಸ್‌ಟೆನ್ಷನ್‌ನಿಂದ ಕ್ರೋಮ್‌ನಂತೆ ಹೊಂದಿಸಿದೆ.

ಗೊಂದಲ ಇಲ್ಲೇ ಇರೋದು. ಜಾವಾಸ್ಕ್ರಿಪ್ಟ್ ಪೂರ್ತಿ ಆಫ್ ಮಾಡಿದರೂ ಸರ್ವರ್‌ನ ಮೊದಲ ಉತ್ತರವೇ 403 (ಪ್ರವೇಶ ಇಲ್ಲ). ಅಂದರೆ ಪುಟ ಬರೋದಕ್ಕೂ ಮುಂಚೆಯೇ ಹಿಡೀತಿದೆ. ಟಿಎಲ್‌ಎಸ್ ಹ್ಯಾಂಡ್‌ಶೇಕ್‌ನಲ್ಲಿ (ಸುರಕ್ಷಿತ ಸಂಪರ್ಕ ಶುರುವಾಗುವಾಗಿನ ಮಾತುಕತೆ) ಸೈಫರ್ (ಗೂಢಲಿಪಿ ವಿಧಾನ) ಮತ್ತು ಟಿಎಲ್‌ಎಸ್‌ನದೇ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಬ್ರೌಸರಿಂದ ಬ್ರೌಸರಿಗೆ ಬೇರೆ ಇರುತ್ತೆ, ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿ/2ರ ಸೆಟ್ಟಿಂಗ್ಸೂ ಹೆಡರ್‌ಗಳ ಕ್ರಮವೂ ಹಾಗೇ.

ಈ ಮೂರರಲ್ಲಿ ಯಾವುದು ನನ್ನನ್ನ ಹಿಡಿದುಕೊಡ್ತಿದೆ ಅಂತ ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸೋದು ಹೇಗೆ? ಟಿಎಲ್‌ಎಸ್ಸೇ ಆಗಿದ್ದರೆ, ಅದನ್ನ ಫೈರ್‌ಫಾಕ್ಸ್ ಒಳಗಿಂದಲೇ ಬದಲಿಸೋಕೆ ಆಗುತ್ತಾ?