ಝಿಂಕ್ ಆಕ್ಸೈಡ್–ಕ್ಯೂಪ್ರಸ್ ಆಕ್ಸೈಡ್ ಡಿಟೆಕ್ಟರ್ 2 ಕಿಲೋಹರ್ಟ್ಸ್‌ಗೇ ಸುಸ್ತಾಗುತ್ತಿದೆ

ತೆಳುಪದರ (ಪ್ರಶ್ನೆ):
ಎಲ್‌ಇಡಿ ಬೆಳಕಿನಲ್ಲಿ ಡೇಟಾ ಕಳಿಸುವ ಲಿಂಕ್‌ಗೆ ರಿಸೀವರ್ ಬೇಕಾಗಿದೆ. ರಚನೆ ಹೀಗಿದೆ: ಗಾಜು, ಅದರ ಮೇಲೆ ಐಟಿಒ (ಬೆಳಕು ಹಾಯಲು ಬಿಡುವ ವಾಹಕ ಪದರ, ಚದರಕ್ಕೆ 15 ಓಮ್), 200 ನ್ಯಾನೋಮೀಟರ್ ಝಿಂಕ್ ಆಕ್ಸೈಡ್, 600 ನ್ಯಾನೋಮೀಟರ್ ಕ್ಯೂಪ್ರಸ್ ಆಕ್ಸೈಡ್, ಮೇಲೆ 5×5 ಮಿ.ಮೀ. ಚಿನ್ನ. ಎರಡೂ ಆಕ್ಸೈಡ್ ಸ್ಪಟರಿಂಗ್‌ನವು (ನಿರ್ವಾತದಲ್ಲಿ ಅಯಾನುಗಳಿಂದ ಹೊಡೆದು ಪದರ ಕೂರಿಸುವ ವಿಧಾನ). ಕ್ಯೂಪ್ರಸ್ ಆಕ್ಸೈಡ್‌ನ ಹೋಲ್ (ಧನ ಚಾರ್ಜ್ ವಾಹಕ) ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 10¹⁶. ಬೆಳಕು ಗಾಜಿನ ಕಡೆಯಿಂದ, ಬಯಾಸ್ ಇಲ್ಲ, 10 ಕಿಲೋಓಮ್ ಲೋಡ್ ಮೇಲೆ ಸ್ಕೋಪ್. ಎದುರಿಗೆ ಬಿಳಿ ಎಲ್‌ಇಡಿ.

2 ಕಿಲೋಹರ್ಟ್ಸ್ ದಾಟಿದರೆ ಚೌಕ ತರಂಗ ತ್ರಿಕೋನವಾಗಿ ಕುಗ್ಗುತ್ತದೆ. ಬೆಳಕು ಆರಿಸಿದ ಮೇಲೂ ಸ್ವಲ್ಪ ಕರೆಂಟ್ ಹಲವು ಸೆಕೆಂಡು ಉಳಿದಿರುತ್ತದೆ. ಕ್ಯೂಪ್ರಸ್ ಆಕ್ಸೈಡ್‌ಗೆ ಸ್ಪಟರಿಂಗ್ ಬಿಟ್ಟು ಎಲೆಕ್ಟ್ರೋಡೆಪಾಸಿಷನ್ (ದ್ರಾವಣದಿಂದ ವಿದ್ಯುತ್ ಹರಿಸಿ ಪದರ ಬೆಳೆಸುವುದು) ಮಾಡಿದರೆ ಸರಿಹೋದೀತೆ?

ಓಮ್‌ಕಾರ:
ಪದರಕ್ಕೆ ಕೈಹಾಕುವ ಮೊದಲು ಲೆಕ್ಕ ಹಾಕಿ. 10¹⁶ ಡೋಪಿಂಗ್‌ಗೆ ಡಿಪ್ಲೀಷನ್ (ಜಂಕ್ಷನ್ ಬಳಿ ಚಾರ್ಜ್ ವಾಹಕಗಳು ಖಾಲಿಯಾದ ಪಟ್ಟಿ) ಅಗಲ ಸುಮಾರು 200 ನ್ಯಾನೋಮೀಟರ್. ಕ್ಯೂಪ್ರಸ್ ಆಕ್ಸೈಡ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ 7.6 ಹಿಡಿದರೆ 25 ಚದರ ಮಿ.ಮೀ.ಗೆ 8.4 ನ್ಯಾನೋಫ್ಯಾರಡ್ ಬರುತ್ತದೆ. ಅದಕ್ಕೆ 10 ಕಿಲೋಓಮ್ ಸೇರಿಸಿದರೆ ಟೈಮ್ ಕಾನ್‌ಸ್ಟಂಟ್ 84 ಮೈಕ್ರೋಸೆಕೆಂಡ್, ಕಟ್‌ಆಫ್ (ಸಿಗ್ನಲ್ ಕುಗ್ಗತೊಡಗುವ ಆವರ್ತನ) 1.9 ಕಿಲೋಹರ್ಟ್ಸ್. ನಿಮಗೆ ಕಾಣುತ್ತಿರುವುದು ಇದೇ. ಜಂಕ್ಷನ್ ಕೆಟ್ಟಿದೆ ಎನ್ನಲು ಇನ್ನೂ ಆಧಾರವಿಲ್ಲ.

ಲೋಡನ್ನು 1 ಕಿಲೋಓಮ್, ಆಮೇಲೆ 100 ಓಮ್ ಮಾಡಿ ನೋಡಿ. ಕಟ್‌ಆಫ್ ಅದೇ ಪ್ರಮಾಣದಲ್ಲಿ ಏರಿದರೆ ತೊಡಕು ಬರೀ ಕೆಪಾಸಿಟೆನ್ಸ್‌ನದು. ಎಲ್ಲೋ ಒಂದು ಕಡೆ ಏರದೆ ನಿಂತರೆ ಅದು ಪದರದ ಮಿತಿ. ಈ ಪರೀಕ್ಷೆಗೆ ಬಿಳಿ ಎಲ್‌ಇಡಿ ಬೇಡ. ಅದರೊಳಗಿನ ಹಳದಿ ಫಾಸ್ಫರ್ ತಾನೇ ನಿಧಾನ, ಕೆಲವು ಮೆಗಾಹರ್ಟ್ಸ್‌ಗೆ ನಿಂತುಬಿಡುತ್ತದೆ. 450 ನ್ಯಾನೋಮೀಟರ್ ನೀಲಿ ಎಲ್‌ಇಡಿ ಅಥವಾ ಲೇಸರ್ ಡಯೋಡ್ ತಗೊಳ್ಳಿ.

ತೆಳುಪದರ:
ನೀಲಿ ಲೇಸರ್‌ನಲ್ಲಿ 1 ಕಿಲೋಓಮ್‌ಗೆ 18 ಕಿಲೋಹರ್ಟ್ಸ್, 100 ಓಮ್‌ಗೆ 125 ಕಿಲೋಹರ್ಟ್ಸ್ ಬಂತು. ಆದರೆ 100 ಓಮ್‌ನಲ್ಲಿ ಸಿಗ್ನಲ್ ಗದ್ದಲದಲ್ಲಿ ಮುಳುಗುತ್ತದೆ.

ಓಮ್‌ಕಾರ:
8.4 ನ್ಯಾನೋಫ್ಯಾರಡ್ ಜೊತೆ 125 ಕಿಲೋಹರ್ಟ್ಸ್ ಎಂದರೆ ಒಟ್ಟು 150 ಓಮ್. ಲೋಡ್ ಬಿಟ್ಟು ಉಳಿದ 50 ಓಮ್ ಐಟಿಒ ಮತ್ತು ಕಾಂಟ್ಯಾಕ್ಟ್‌ನದು. ಅದು ತೊಂದರೆಯಲ್ಲ, ವಿಸ್ತೀರ್ಣವೇ ತೊಂದರೆ. ಚಿನ್ನವನ್ನು 0.5 ಮಿ.ಮೀ. ವ್ಯಾಸದ ಚುಕ್ಕಿಗಳಾಗಿ ಶ್ಯಾಡೋ ಮಾಸ್ಕ್ ಮೂಲಕ ಹಾಕಿ. ಕೆಪಾಸಿಟೆನ್ಸ್ 66 ಪಿಕೋಫ್ಯಾರಡ್‌ಗೆ ಇಳಿಯುತ್ತದೆ. ಮುಂದೆ ಒಂದು ಲೆನ್ಸ್ ಇಟ್ಟು ಬೆಳಕನ್ನು ಚುಕ್ಕಿಯ ಮೇಲೆ ಒಟ್ಟುಗೂಡಿಸಿ.

ಲೋಡ್ ರೆಸಿಸ್ಟರ್ ತೆಗೆದು ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್ (ಕರೆಂಟನ್ನು ವೋಲ್ಟೇಜ್ ಆಗಿಸುವ ಸರ್ಕ್ಯೂಟ್) ಹಾಕಿ. ಒಪಿಎ657 (ಗೇನ್-ಬ್ಯಾಂಡ್‌ವಿಡ್ತ್ 1.6 ಗಿಗಾಹರ್ಟ್ಸ್), ಫೀಡ್‌ಬ್ಯಾಕ್ 10 ಕಿಲೋಓಮ್, ವೈರಿಂಗ್ ಸೇರಿ ಇನ್‌ಪುಟ್‌ನಲ್ಲಿ 75 ಪಿಕೋಫ್ಯಾರಡ್ ಎಂದುಕೊಂಡರೆ, ಫೀಡ್‌ಬ್ಯಾಕ್ ಕೆಪಾಸಿಟರ್ 1.2 ಪಿಕೋಫ್ಯಾರಡ್ ಸುಮಾರಿಗಿರಲಿ. ಅದಿಲ್ಲದಿದ್ದರೆ ಆಂಪ್ಲಿಫೈಯರ್ ಆಸಿಲೇಟ್ ಆಗುವುದು ಖಂಡಿತ. ಬ್ರೆಡ್‌ಬೋರ್ಡ್‌ನಲ್ಲಿ ಇದನ್ನು ಕಟ್ಟಲೇಬೇಡಿ, ಅಲ್ಲಿನ ಅಕ್ಕಪಕ್ಕದ ಸಾಲುಗಳ ನಡುವೆಯೇ ಅಷ್ಟು ಕೆಪಾಸಿಟೆನ್ಸ್ ಇರುತ್ತದೆ.

ನೀಲಿಬೆಳಕು:
ಬಾಲದ, ಅಂದರೆ ಬೆಳಕು ಆರಿದ ಮೇಲೂ ಉಳಿಯುವ ಕರೆಂಟಿನ, ವಿಷಯ ಬೇರೆ. 450 ನ್ಯಾನೋಮೀಟರ್ ಬೆಳಕು ಝಿಂಕ್ ಆಕ್ಸೈಡ್‌ನ 3.3 ಎಲೆಕ್ಟ್ರಾನ್‌ವೋಲ್ಟ್ ಗ್ಯಾಪ್ ದಾಟುವುದಿಲ್ಲ ನಿಜ, ಆದರೆ ಆಕ್ಸಿಜನ್ ಕೊರತೆಯ ದೋಷಮಟ್ಟಗಳಿಂದ ಎಲೆಕ್ಟ್ರಾನ್‌ಗಳನ್ನು ಮೇಲೆತ್ತುತ್ತದೆ. ಅವು ಹಿಂದಿರುಗಲು ಸೆಕೆಂಡುಗಳೇ ಬೇಕು. ಪದರವನ್ನು 60–80 ನ್ಯಾನೋಮೀಟರ್‌ಗೆ ಇಳಿಸಿ, ಸ್ಪಟರಿಂಗ್ ಅನಿಲದಲ್ಲಿ ಆಕ್ಸಿಜನ್ ಸ್ವಲ್ಪ ಏರಿಸಿ. ಕ್ಯೂಪ್ರಸ್ ಆಕ್ಸೈಡ್ ಹಾಕುವ ಮೊದಲೇ ಝಿಂಕ್ ಆಕ್ಸೈಡನ್ನು ಅನೀಲ್ ಮಾಡಿ (ಕಾಯಿಸಿ ಹದಗೊಳಿಸಿ). ಆಮೇಲೆ ಗಾಳಿಯಲ್ಲಿ 300 ಡಿಗ್ರಿಗೆ ಕಾಯಿಸಿದರೆ ಮೇಲಿನ ಪದರ ಕ್ಯೂಪ್ರಿಕ್ ಆಕ್ಸೈಡ್ ಆಗುತ್ತ ಹೋಗುತ್ತದೆ.

ಅದು ಆಗಿದೆಯೇ ಎಂದು ತಿಳಿಯಲು 630 ನ್ಯಾನೋಮೀಟರ್ ಕೆಂಪು ಎಲ್‌ಇಡಿ ಹಿಡಿದು ನೋಡಿ. ಕ್ಯೂಪ್ರಸ್ ಆಕ್ಸೈಡ್‌ನ ಗ್ಯಾಪ್ 2.1 ಎಲೆಕ್ಟ್ರಾನ್‌ವೋಲ್ಟ್ ಇರುವುದರಿಂದ ಕೆಂಪಿಗೆ ಅದು ಹೆಚ್ಚುಕಡಿಮೆ ಕುರುಡು. ಕೆಂಪಿಗೂ ಜೋರಾಗಿ ಸ್ಪಂದಿಸಿದರೆ ಎಕ್ಸ್‌ಆರ್‌ಡಿ (ಎಕ್ಸ್‌ರೇ ಚದುರುವ ಕೋನಗಳಿಂದ ಹರಳಿನ ಗುರುತು ಹಿಡಿಯುವ ಪರೀಕ್ಷೆ) ಮಾಡಿಸಿ: 36.4 ಡಿಗ್ರಿಯ ಶಿಖರ ನಿಮಗೆ ಬೇಕಾದದ್ದು, 35.5 ಮತ್ತು 38.7 ಕ್ಯೂಪ್ರಿಕ್ ಆಕ್ಸೈಡ್. 43.3ರಲ್ಲಿ ಕಂಡರೆ ಲೋಹದ ತಾಮ್ರ ಉಳಿದಿದೆ, ಅದು ಶಂಟ್ (ಅಡ್ಡದಾರಿ) ಆಗಿ ಡಾರ್ಕ್ ಕರೆಂಟ್ (ಬೆಳಕಿಲ್ಲದಾಗಲೂ ಹರಿಯುವ ಕರೆಂಟ್) ಏರುತ್ತದೆ.

ಪದರಗಳ ಕ್ರಮ ಬದಲಿಸಬೇಡಿ. ಕ್ಯೂಪ್ರಸ್ ಆಕ್ಸೈಡ್ ಮೇಲೆ ಝಿಂಕ್ ಆಕ್ಸೈಡ್ ಸ್ಪಟರ್ ಮಾಡಿದರೆ ಝಿಂಕ್ ಅದರ ಆಕ್ಸಿಜನ್ ಕಸಿದುಕೊಂಡು ಇಂಟರ್‌ಫೇಸ್‌ನಲ್ಲಿ ತಾಮ್ರ ಬಿಡುತ್ತದೆ.

ಎಲೆಕ್ಟ್ರೋಡೆಪಾಸಿಷನ್ ಇಲ್ಲಿ ಲಾಭವಿಲ್ಲ. ಕಾಪರ್ ಸಲ್ಫೇಟ್–ಲ್ಯಾಕ್ಟಿಕ್ ಆಸಿಡ್ ಬಾತ್‌ನ ಪಿಎಚ್ 12.5ರಲ್ಲಿ ನಿಮ್ಮ ಝಿಂಕ್ ಆಕ್ಸೈಡೇ ಕರಗತೊಡಗುತ್ತದೆ.

ಓಮ್‌ಕಾರ:
ಒಪ್ಪಿದೆ. ಒಂದು ಸೇರಿಸುತ್ತೇನೆ: ಡಿಪ್ಲೀಷನ್ 200 ನ್ಯಾನೋಮೀಟರ್ ಇರುವಾಗ 600 ದಪ್ಪ ಜಾಸ್ತಿಯಾಯಿತು. ಆಳದಲ್ಲಿ ಹುಟ್ಟಿದ ಎಲೆಕ್ಟ್ರಾನ್‌ಗಳು ಡಿಫ್ಯೂಷನ್‌ನಿಂದ ತೆವಳಿ ಬರಲು ಹತ್ತಾರು ನ್ಯಾನೋಸೆಕೆಂಡ್ ಹಿಡಿಯಬಹುದು. 300ಕ್ಕೆ ಇಳಿಸಿ ನೋಡಿ, ಅದಕ್ಕೂ ಕಡಿಮೆಯಾದರೆ ಪಿನ್‌ಹೋಲ್ ಮೂಲಕ ಚಿನ್ನ ಕೆಳಗಿಳಿದು ಶಾರ್ಟ್ ಆಗುವ ಭಯ.

ಬಾಲ ಪೂರ್ತಿ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಡೇಟಾವನ್ನು ಮ್ಯಾಂಚೆಸ್ಟರ್ ಕೋಡಿಂಗ್‌ನಲ್ಲಿ (ಪ್ರತಿ ಬಿಟ್‌ನ ನಡುವೆ ಸಿಗ್ನಲ್ ಬದಲಾಗುವ ಕ್ರಮ) ಕಳಿಸಿ, ಬೆಳಕಿನ ಸಂವಹನದ ಮಾನದಂಡವಾದ ಐಇಇಇ 802.15.7ರ ಮೊದಲ ಫಿಸಿಕಲ್ ಲೇಯರ್‌ನಲ್ಲಿರುವ 200 ಕಿಲೋಹರ್ಟ್ಸ್ ಕ್ಲಾಕ್‌ನ ಆನ್-ಆಫ್ ಕೀಯಿಂಗ್ ನಿಮಗೆ ಒಳ್ಳೆಯ ಮೊದಲ ಗುರಿ. ಆಂಪ್ಲಿಫೈಯರ್ ಆದಮೇಲೆ 5 ಕಿಲೋಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ನಿಧಾನದ ಸಿಗ್ನಲ್ ತಡೆಯುವ ಫಿಲ್ಟರ್) ಹಾಕಿ: 3.3 ನ್ಯಾನೋಫ್ಯಾರಡ್, 10 ಕಿಲೋಓಮ್. ಬಾಲದ ಜೊತೆಗೆ ರೂಮಿನ ಲೈಟುಗಳ 100 ಹರ್ಟ್ಸ್ ಮಿನುಗೂ ಅಲ್ಲೇ ನಿಲ್ಲುತ್ತದೆ.